ಬಾಡಿಗೆ ಮನೆಗೆ ಬೇಕಾದಷ್ಟು ಇಂಗ್ಲಿಷ್

ಮಿರ್ಜಾನದಿಂದ ಭಟ್ಕಳದವರೆಗಿನ ನಮ್ಮ ಊರುಗಳಲ್ಲಿ ಗಲ್ಫಿನ ನಂಟಿಲ್ಲದ ಕೇರಿ ಕಡಿಮೆ. ಹಿಂದೆ ಹೆಚ್ಚಾಗಿ ಗಂಡಸರೇ ಹೋಗುತ್ತಿದ್ದರು. ಈಗ ಎಷ್ಟೋ ಸಹೋದರಿಯರು ಮಕ್ಕಳೊಂದಿಗೆ ಹೋಗಿ ದುಬೈಯ ಬಾಡಿಗೆ ಫ್ಲ್ಯಾಟಿನಲ್ಲಿ ಸಂಸಾರ ಹೂಡಿದ್ದಾರೆ. ಅಲ್ಲಿ ನೆರೆಹೊರೆಯವರೊಂದಿಗೆ ಉರ್ದು ನಡೆದೀತು. ಆದರೆ ಬಾಡಿಗೆಯ ಕರಾರು ಪತ್ರ ಇರುವುದು ಅರಬಿ ಮತ್ತು ಇಂಗ್ಲಿಷಿನಲ್ಲಿ. ಸಹಿ ಗಂಡನದ್ದಾದರೂ ದಿನವಿಡೀ ಆ ಮನೆಯಲ್ಲಿರುವವಳು ಹೆಂಡತಿ. ಅದರಲ್ಲಿ ಏನಿದೆಯೆಂದು ಅವಳಿಗೂ ತಿಳಿದಿರಬೇಡವೇ?

ಒಂದು ಪದದಿಂದ ಎಷ್ಟು ಹಣ ವ್ಯತ್ಯಾಸವಾಗುತ್ತದೆ ನೋಡಿ. ಮಂಚ, ಸೋಫಾ, ಬೀರು ಎಲ್ಲವೂ ಇರುವ ಮನೆ ‘ಫರ್ನಿಶ್ಡ್’. ಖಾಲಿ ಮನೆ ‘ಅನ್‌ಫರ್ನಿಶ್ಡ್’. ದುಬೈಯಲ್ಲಿ ಸಾಮಾನ್ಯವಾಗಿ ಖಾಲಿ ಮನೆಗೆ ವರ್ಷದ ಬಾಡಿಗೆಯ ಶೇ. 5ರಷ್ಟು, ಸಾಮಾನಿರುವ ಮನೆಗೆ ಶೇ. 10ರಷ್ಟು ಡಿಪಾಸಿಟ್ ಕೇಳುತ್ತಾರೆ. ಬಾಡಿಗೆ 50,000 ದಿರ್ಹಮ್ ಆದರೆ ಒಂದಕ್ಕೆ 2,500, ಇನ್ನೊಂದಕ್ಕೆ 5,000. ಮನೆ ಬಿಡುವಾಗ ಸಾಮಾನು ಹಾಳಾಗಿದ್ದರೆ ಈ ಹಣದಿಂದ ಮುರಿದುಕೊಳ್ಳುತ್ತಾರೆ. ಆದ್ದರಿಂದ ಒಳಗೆ ಕಾಲಿಡುವ ದಿನವೇ ಪ್ರತಿಯೊಂದನ್ನೂ ನೋಡಿ, ಪಟ್ಟಿ ಮಾಡಿ, ಫೋಟೋ ತೆಗೆದಿಡಿ. “ದಿಸ್ ಚೇರ್ ಈಸ್ ಆಲ್ರೆಡಿ ಬ್ರೋಕನ್” ಎಂದು ಅಂದೇ ಹೇಳಿ.

‘ನೋಟಿಸ್’ ಎಂದರೆ ನಮ್ಮಲ್ಲಿ ಕೋರ್ಟಿನ ಭಯ. ಬಾಡಿಗೆಯ ಮಾತಿನಲ್ಲಿ ಅದು ಮುಂಚಿತವಾಗಿ ತಿಳಿಸುವುದು ಅಷ್ಟೇ. ಬೇರೆ ಒಪ್ಪಂದವಿಲ್ಲದಿದ್ದರೆ, ಕರಾರು ನವೀಕರಿಸುವಾಗ ಷರತ್ತು ಬದಲಿಸಬೇಕಾದವರು 90 ದಿನ ಮೊದಲು ತಿಳಿಸಬೇಕೆಂದು ದುಬೈಯ 2008ರ ಕಾನೂನು ಹೇಳುತ್ತದೆ. “ಹೌ ಮೆನಿ ಡೇಸ್ ನೋಟಿಸ್?” ಎಂದು ಕೇಳಲು ಅಂಜಬೇಕಿಲ್ಲ.

ಬೆಂಗಳೂರಿಗೆ ಹೋಗುವವರಿಗೂ ಎಚ್ಚರ ಬೇಕು. ಅಲ್ಲಿ ಮನೆ ‘ಲೀಸ್’ಗೆ ಇದೆ ಎಂದರೆ ದೊಡ್ಡ ಮೊತ್ತವನ್ನು ಒಮ್ಮೆಲೇ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಇರುವುದು. ಹೊರದೇಶದಲ್ಲಿ ಅದೇ ಪದಕ್ಕೆ ಬಾಡಿಗೆ ಕರಾರು ಎಂದಷ್ಟೇ ಅರ್ಥ. ಹಾಗೆಯೇ ನಾವು ಮಂಚಕ್ಕೆ ‘ಕಾಟ್’ ಎನ್ನುತ್ತೇವೆ. ಇಂಗ್ಲೆಂಡಿನವರಿಗೆ ‘ಕಾಟ್’ ಎಂದರೆ ಮಗುವಿನ ಮಂಚ, ದೊಡ್ಡವರದ್ದು ‘ಬೆಡ್’. ನಮ್ಮ ‘ಹಾಲ್’ ಅವರಿಗೆ ‘ಲಿವಿಂಗ್ ರೂಮ್’. ‘ಫರ್ನಿಚರ್ಸ್’ ಎಂಬ ಬಹುವಚನ ಇಂಗ್ಲಿಷಿನಲ್ಲಿಲ್ಲ. ಎಷ್ಟಿದ್ದರೂ ‘ಫರ್ನಿಚರ್’ ಎಂದೇ ಹೇಳಬೇಕು.

ಈ ಭಾಷೆ ನಮಗೆ ತೀರಾ ಪರಕೀಯವೂ ಅಲ್ಲ. ‘ಸೋಫಾ’ ಬಂದದ್ದು ಅರಬಿಯ ‘ಸುಫ್ಫಾ’ದಿಂದ. ಮದೀನಾದ ಮಸೀದಿಯ ಜಗಲಿಯಲ್ಲಿದ್ದ ಅಹ್ಲುಸ್ಸುಫ್ಫಾರ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ಹಾಸಿಗೆಯ ‘ಮ್ಯಾಟ್ರೆಸ್’ನ ಮೂಲವೂ ಅರಬಿಯೇ. ನಮ್ಮ ಕುರ್ಚಿಯೂ ಅರಬಿಯ ‘ಕುರ್ಸಿ’.

ಕಲಿಯಲು ಕ್ಲಾಸಿಗೇ ಹೋಗಬೇಕೆಂದಿಲ್ಲ. ದಿನಕ್ಕೊಂದು ಕೋಣೆ ಆರಿಸಿಕೊಳ್ಳಿ. ಅಡುಗೆಮನೆಯಲ್ಲಿ “ದಿ ಟ್ಯಾಪ್ ಈಸ್ ಲೀಕಿಂಗ್”, ಮಲಗುವ ಕೋಣೆಯಲ್ಲಿ “ದಿ ವಿಂಡೋ ಡಸ್ ನಾಟ್ ಕ್ಲೋಸ್” ಎಂದು ಗಟ್ಟಿಯಾಗಿ ಹೇಳಿ. ಶಾಲೆಗೆ ಹೋಗುವ ಮಗಳು ತಪ್ಪು ತಿದ್ದಲಿ. ಕೊನೆಗೆ ಒಂದು ಪ್ರಶ್ನೆಯನ್ನಂತೂ ಬಾಯಿಪಾಠ ಮಾಡಿಕೊಳ್ಳಿ: “ವಿಲ್ ಐ ಗೆಟ್ ದಿ ಡಿಪಾಸಿಟ್ ಬ್ಯಾಕ್?” ಉತ್ತರವನ್ನು ಬರಹದಲ್ಲಿ ಪಡೆಯಿರಿ. ಅದು ಮನೆಯವರ ಬೆವರಿನ ದುಡಿಮೆ.