ಕೇಳಿದ್ದು ಅಶೋಕ, ಕೊಟ್ಟಿದ್ದು ಕಂಬ!

ಅಬ್ಬಿಗೆರೆಯಲ್ಲಿ ನಮ್ಮದು 30–40 ಸೈಟು. ಮನೆ ಕಟ್ಟಿದ ಮೇಲೆ ಉಳಿದಿದ್ದು ಗೇಟಿನ ಪಕ್ಕದ ನಾಲ್ಕಡಿ ಮಣ್ಣು. ಅಲ್ಲಿ ಸ್ಕೂಟರ್ ನಿಲ್ಲಿಸಬೇಕು ಅಂತ ಅಪ್ಪ, ಅಶೋಕ ಮರ ಹಾಕಬೇಕು ಅಂತ ಅಜ್ಜಿ. ಆಗಷ್ಟೇ ಎರಡನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿದ್ದ ನಾನು ಅಜ್ಜಿ ಪಾರ್ಟಿ ಸೇರಿದೆ. ನರ್ಸರಿಯೊಂದರಲ್ಲಿ ‘ಅಶೋಕ ಕೊಡಿ’ ಅಂದೆ, ಕೊಟ್ಟರು, ನೆಟ್ಟೆ.

ವರ್ಷದಲ್ಲಿ ಅದು ನನಗಿಂತ ಎತ್ತರ! ತಿಪಟೂರಿನಿಂದ ಬಂದ ಅಜ್ಜಿ ಕತ್ತೆತ್ತಿ ನೋಡಿ, ‘ಇದು ಅಶೋಕ ಅಲ್ಲ ಕಣೇ. ಸೀತೆ ಇದರ ಕೆಳಗೆ ಕೂತಿದ್ದಿದ್ರೆ ಒಂದು ಚೂರು ನೆರಳೂ ಸಿಗ್ತಿರಲಿಲ್ಲ’ ಅಂದುಬಿಟ್ಟರು.

ಅಜ್ಜಿ ಹೇಳಿದ್ದೇ ಸರಿ. ಕಾಲೇಜು, ಅಪಾರ್ಟ್‌ಮೆಂಟುಗಳ ಕಾಂಪೌಂಡಿನುದ್ದಕ್ಕೂ ಕಂಬದ ಹಾಗೆ ನಿಂತಿರುವ ಆ ಮರಕ್ಕೂ ಸೀತಾ ಅಶೋಕಕ್ಕೂ ಸಂಬಂಧವೇ ಇಲ್ಲ. ಕಂಬದ ಮರ ಸೀತಾಫಲದ ನೆಂಟ. ಸೀತಾ ಅಶೋಕ ಹುಣಸೆಯ ಬಳಗದ್ದು. ಇದರ ಹೂವಿಗೆ ದಳಗಳೇ ಇಲ್ಲ. ನಾವು ದಳ ಅಂದುಕೊಳ್ಳುವುದು ಪುಷ್ಪಪತ್ರಗಳನ್ನು. ಅವು ಕಿತ್ತಳೆ ಬಣ್ಣದಲ್ಲಿ ಅರಳಿ, ದಿನ ಕಳೆದಂತೆ ಕೆಂಪಾಗುತ್ತವೆ. ಕೊಂಬೆಯ ಮೈಮೇಲೇ ಗೊಂಚಲು ಗೊಂಚಲಾಗಿ ಬಿಡುತ್ತವೆ.

ನಮ್ಮ ಪಶ್ಚಿಮ ಘಟ್ಟದ ಈ ಮರ ಈಗ ಅಳಿವಿನ ಅಪಾಯದಲ್ಲಿದೆ. ಕಾರಣ ತೊಗಟೆ. ಅಶೋಕಾರಿಷ್ಟಕ್ಕೆ ಬೇಕಾಗುವುದು ಇದರದ್ದೇ. ಸುತ್ತಲೂ ತೊಗಟೆ ಸುಲಿದರೆ ಎಲೆಯ ಆಹಾರ ಬೇರಿಗೆ ಇಳಿಯುವುದಿಲ್ಲ, ಮರ ನಿಂತಲ್ಲೇ ಸಾಯುತ್ತದೆ. ತಮಾಷೆ ಅಂದರೆ, ಅಶೋಕದ ತೊಗಟೆ ಅಂತ ಮಾರುವುದರಲ್ಲಿ ಕಂಬದ ಮರದ ತೊಗಟೆ ಬೆರೆಸುವುದೂ ಉಂಟು. ಅಂದರೆ ನಾನೊಬ್ಬಳೇ ಮೋಸ ಹೋಗಿಲ್ಲ!

ಕಂಬದ ಮರವನ್ನು ನಾವೇನೂ ಎಸೆಯಲಿಲ್ಲ. ಅದರ ಹಣ್ಣು ಕೋಗಿಲೆ, ಬಾವಲಿಗಳಿಗೆ ಇಷ್ಟ. ಬುಡದ ಮಣ್ಣಿನ ಸಮೇತ ರಸ್ತೆ ಕೊನೆಯ ಖಾಲಿ ಜಾಗಕ್ಕೆ ಶಿಫ್ಟ್ ಮಾಡಿದೆವು. ನವೆಂಬರ್‌ನಲ್ಲಿ ಜಿಕೆವಿಕೆಯ ಕೃಷಿ ಮೇಳಕ್ಕೆ ಹೋದಾಗ ಸೀತಾ ಅಶೋಕದ ಸಸಿ ಸಿಕ್ಕಿತು. ಈ ಸಲ ‘ಸರಾಕಾ ಅಸೋಕಾ’ ಅಂತ ವೈಜ್ಞಾನಿಕ ಹೆಸರು ಹೇಳಿಯೇ ಕೇಳಿದೆ. ಮಾರುವವರು ನನ್ನನ್ನು ಅಗ್ರಿ ಸ್ಟೂಡೆಂಟ್ ಅಂದುಕೊಂಡರು.

ಎರಡಡಿ ಗುಂಡಿ, ಕೊಟ್ಟಿಗೆ ಗೊಬ್ಬರ, ಬುಡಕ್ಕೆ ತರಗೆಲೆ, ಇಷ್ಟೇ. ಎಳೆಯ ಸಸಿಗೆ ಅರೆನೆರಳು, ಆರದ ತೇವ ಬೇಕು. ಪಕ್ಕದ ಮನೆಯವರು ಮೂರನೇ ಫ್ಲೋರ್ ಎಬ್ಬಿಸಿದಾಗ ನಮಗೆ ಬಿಸಿಲೇ ಇಲ್ಲ ಅಂತ ಬೈದುಕೊಂಡಿದ್ದೆವು. ಈಗ ಅದೇ ನೆರಳು ಗಿಡಕ್ಕೆ ಅನುಕೂಲವಾಗಿದೆ. ಇಷ್ಟೂ ಮಣ್ಣಿಲ್ಲದವರು ಕುಂಡದಲ್ಲಿ ಕೇಪಳ ಬೆಳೆಸಬಹುದು, ಅದೂ ನಮ್ಮ ಕಡೆಯದೇ. ಬಿಸಿಲು ಚೆನ್ನಾಗಿದ್ದರೆ ತಂಗಡಿ. ಮೈತುಂಬ ಹಳದಿ ಹೂ, ನೀರೂ ಹೆಚ್ಚು ಬೇಡ.

ಸೀತಾ ಅಶೋಕ ಮಾತ್ರ ತುಂಬಾ ನಿಧಾನ. ಹೂ ಬಿಡಲು ವರ್ಷಗಳೇ ಬೇಕು. ನನ್ನ ಬಿಇ ಮುಗಿದು, ಕೆಲಸ ಸಿಕ್ಕಿ, ನಾನು ಯಾವ ಊರಲ್ಲಿರುತ್ತೇನೋ! ಅಜ್ಜಿಗೆ ಈಗ 78. ಫೋನ್ ಮಾಡಿದಾಗಲೆಲ್ಲ ಮೊದಲು ಗಿಡದ ವಿಚಾರ, ಆಮೇಲೆ ನನ್ನ ಮಾರ್ಕ್ಸ್.

ಹೋದ ತಿಂಗಳು ಹೊಸ ಚಿಗುರು ಬಂತು. ತಾಮ್ರದ ಬಣ್ಣದ ಎಳೆ ಎಲೆಗಳು ಬಾಡಿದ ಹಾಗೆ ಜೋತುಬಿದ್ದಿದ್ದವು. ಇದರ ಚಿಗುರು ಇರುವುದೇ ಹಾಗೆ. ಬೆಳಿಗ್ಗೆ ಕಾಲೇಜಿಗೆ ಹೊರಟಾಗ ನೋಡುತ್ತೇನೆ, ಸ್ಕೂಟರ್‌ಗೆ ಜಾಗ ಹೋಯಿತು ಅಂತ ಮುನಿಸಿಕೊಂಡಿದ್ದ ಅಪ್ಪ ಬಕೆಟ್ ಹಿಡಿದು ನಿಂತಿದ್ದಾರೆ. ‘ಯಾಕೋ ಸೊರಗಿದೆ ಕಣಮ್ಮ’ ಅಂತ ಆಗಲೇ ಎರಡನೇ ಬಕೆಟ್ ಸುರಿಯುತ್ತಿದ್ದರು.