ಕಸದ ನೀರಿನಲ್ಲಿ ಅಳಿಯದ ವಿಷ

ಕಸದ ಲಾರಿ ಸಾಗಿದ ದಾರಿಯಲ್ಲಿ ತೊಟ್ಟಿಕ್ಕಿದ ಕಪ್ಪು ನೀರನ್ನು ನಾವೆಲ್ಲರೂ ಕಂಡಿದ್ದೇವೆ. ಕಸವನ್ನು ರಾಶಿ ಹಾಕಿ ಹೂಳುವ ಸ್ಥಳಗಳಲ್ಲಿ ಈ ನೀರು ಹಳ್ಳವಾಗಿಯೇ ಹರಿಯಬಲ್ಲದು. ಮಳೆನೀರು ರಾಶಿಯೊಳಗೆ ಇಳಿದು, ಅಲ್ಲಿಯ ಪದಾರ್ಥಗಳ ಸಾರವನ್ನು ಹೀರಿಕೊಂಡು ತಳದಿಂದ ಹೊರಬರುತ್ತದೆ. ಈ ದ್ರವಕ್ಕೆ ‘ಲೀಚೇಟ್’ ಎಂದು ಹೆಸರು. ಅದರ ದುರ್ವಾಸನೆ ನಮ್ಮನ್ನು ಎಚ್ಚರಿಸುತ್ತದೆ. ಆದರೆ ವಾಸನೆಯಿಂದಾಗಲಿ ಬಣ್ಣದಿಂದಾಗಲಿ ಗುರುತಿಸಲಾಗದ ರಾಸಾಯನಿಕಗಳೂ ಅದರಲ್ಲಿವೆ. ಪಿಎಫ್‌ಎಎಸ್ ಎಂಬ ಗುಂಪು ಅಂಥದ್ದು.

ಎಣ್ಣೆಯೂ ನೀರೂ ಅಂಟದಂತೆ ಮಾಡುವುದು ಈ ಗುಂಪಿನ ಗುಣ. ಆದ್ದರಿಂದಲೇ ನಾನ್‌ಸ್ಟಿಕ್ ಪಾತ್ರೆ, ಮಳೆಗೆ ನೆನೆಯದ ಬಟ್ಟೆ, ಎಣ್ಣೆ ಹೀರದ ಕೆಲವು ಕಾಗದದ ಪೊಟ್ಟಣ, ಬೆಂಕಿ ನಂದಿಸುವ ನೊರೆ ಮುಂತಾದವುಗಳ ತಯಾರಿಕೆಯಲ್ಲಿ ಇವನ್ನು ಬಳಸುತ್ತ ಬಂದಿದ್ದಾರೆ. ಇವುಗಳ ಅಣುವಿನಲ್ಲಿ ಇಂಗಾಲವೂ ಫ್ಲೋರಿನ್ನೂ ಅತ್ಯಂತ ಬಲವಾಗಿ ಬೆಸೆದುಕೊಂಡಿರುತ್ತವೆ. ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿಗಳು ಆ ಬೆಸುಗೆಯನ್ನು ಬಿಡಿಸಲಾರವು. ‘ಶಾಶ್ವತ ರಾಸಾಯನಿಕ’ ಎಂಬ ಹೆಸರು ಬಂದದ್ದು ಇದರಿಂದಲೇ.

ಇದರ ಪರಿಣಾಮ ಜಗತ್ತಿಗೆ ತಿಳಿದದ್ದು ಒಬ್ಬ ರೈತನ ದನಗಳಿಂದ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಪಾರ್ಕರ್ಸ್‌ಬರ್ಗ್ ಬಳಿ ಡುಪಾಂಟ್ ಕಂಪನಿಯು ತನ್ನ ಕಾರ್ಖಾನೆಯ ತ್ಯಾಜ್ಯವನ್ನು ‘ಡ್ರೈ ರನ್’ ಎಂಬ ಹಳ್ಳದ ಪಕ್ಕದಲ್ಲಿ ಹೂಳುತ್ತಿತ್ತು. ಅದರ ಕೆಳಗಿನ ಹೊಲದಲ್ಲಿ ಹಳ್ಳದ ನೀರು ಕುಡಿದ ದನಗಳು ಕೃಶವಾಗಿ ಸಾಯತೊಡಗಿದವು. ರೈತನ ಪರವಾಗಿ ವಕೀಲ ರಾಬ್ ಬಿಲಟ್ 1999ರಲ್ಲಿ ಮೊಕದ್ದಮೆ ಹೂಡಿದರು. ಅದರ ಎಳೆ ಹಿಡಿದು ಹೋದಾಗ, ಈ ಗುಂಪಿಗೆ ಸೇರಿದ ಪಿಎಫ್‌ಒಎ ಎಂಬ ರಾಸಾಯನಿಕವು ಸುತ್ತಲಿನ ಊರುಗಳ ಕುಡಿಯುವ ನೀರಿಗೂ ಸೇರಿರುವುದು ಬಯಲಾಯಿತು. ಮುಂದೆ ಸುಮಾರು 69,000 ಜನರ ಆರೋಗ್ಯದ ಮಾಹಿತಿ ಸಂಗ್ರಹವಾಯಿತು. ಅಧಿಕ ಕೊಲೆಸ್ಟ್ರಾಲ್, ಥೈರಾಯ್ಡ್ ರೋಗ, ದೊಡ್ಡ ಕರುಳಿನ ಹುಣ್ಣು, ಗರ್ಭಿಣಿಯರ ರಕ್ತದೊತ್ತಡ, ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್ ಎಂಬ ಆರು ವ್ಯಾಧಿಗಳಿಗೂ ಇದಕ್ಕೂ ಸಂಬಂಧವಿರುವುದು ಸಂಭವನೀಯವೆಂದು 2012ರ ವೇಳೆಗೆ ತಜ್ಞರು ತೀರ್ಮಾನಿಸಿದರು. ರಕ್ತದಲ್ಲಿ ಸೇರಿದ ಪಿಎಫ್‌ಒಎ ಅರ್ಧಕ್ಕೆ ಇಳಿಯಲು ಸುಮಾರು 2ರಿಂದ 4 ವರ್ಷ ಬೇಕು. 2024ರಲ್ಲಿ ಅಮೆರಿಕವು ಕುಡಿಯುವ ನೀರಿನಲ್ಲಿ ಇದಕ್ಕೆ ಗೊತ್ತುಪಡಿಸಿದ ಮಿತಿ ಲೀಟರಿಗೆ 4 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ನಾಲ್ಕು ಭಾಗ ಮಾತ್ರ.

ಹಾಗಾದರೆ ಕಸದ ನೀರಿನಿಂದ ಇದನ್ನು ಬೇರ್ಪಡಿಸುವುದು ಹೇಗೆ? ಕೊಳಚೆ ನೀರನ್ನು ಸೂಕ್ಷ್ಮಜೀವಿಗಳಿಂದ ಶುದ್ಧಿಗೊಳಿಸುವ ಸಾಮಾನ್ಯ ವಿಧಾನ ಇಲ್ಲಿ ಸಾಲದು. ಇದೇ ಗುಂಪಿನ ದೊಡ್ಡ ಅಣುಗಳು ಆ ಕ್ರಿಯೆಯಲ್ಲಿ ಒಡೆದು, ಮುಂದೆ ಒಡೆಯದ ಪಿಎಫ್‌ಒಎಯಂಥ ರೂಪಕ್ಕೆ ಬಂದು ನಿಲ್ಲುವುದೂ ಉಂಟು. ಸಂಸ್ಕರಿಸಿದ ಇದ್ದಿಲಿನ ಹರಳುಗಳ ಮೂಲಕ ನೀರನ್ನು ಹಾಯಿಸಿದರೆ ರಾಸಾಯನಿಕವು ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಆದರೆ ಕಸದ ನೀರಿನ ಇತರ ಕಲ್ಮಷಗಳೂ ಅಂಟುವುದರಿಂದ ಇದ್ದಿಲು ಬೇಗನೆ ತುಂಬಿಹೋಗುತ್ತದೆ. ಆರ್‌ಒ ಪೊರೆಯು ಇದನ್ನು ಚೆನ್ನಾಗಿ ತಡೆಯುತ್ತದೆ. ಇನ್ನೊಂದು ಉಪಾಯವೆಂದರೆ ನೀರಿನೊಳಗೆ ಗಾಳಿಯ ಗುಳ್ಳೆಗಳನ್ನು ಹಾಯಿಸುವುದು. ಸಾಬೂನಿನಂತೆ ಗುಳ್ಳೆಯ ಮೈಗೆ ಅಂಟುವ ಸ್ವಭಾವ ಈ ರಾಸಾಯನಿಕಗಳಿಗಿದೆ. ಮೇಲೆದ್ದ ನೊರೆಯನ್ನು ತೆಗೆದರೆ ಅದರೊಂದಿಗೆ ಅವೂ ಬರುತ್ತವೆ. ಅಣು ಚಿಕ್ಕದಾದಷ್ಟೂ ಹಿಡಿಯುವುದು ಕಷ್ಟ.

ಆದರೆ ಹಿಡಿದದ್ದು ನಾಶವಾಯಿತೆಂದು ಭಾವಿಸಬಾರದು. ತುಂಬಿದ ಇದ್ದಿಲನ್ನಾಗಲಿ, ಆರ್‌ಒ ಬಿಟ್ಟ ಗಟ್ಟಿ ನೀರನ್ನಾಗಲಿ ಮತ್ತೆ ಕಸದ ರಾಶಿಗೆ ಸುರಿದರೆ, ಅದೇ ವಿಷ ಮುಂದಿನ ಮಳೆಗೆ ಅದೇ ದಾರಿಯಲ್ಲಿ ಹೊರಬರುತ್ತದೆ. ನಿಜವಾದ ನಾಶಕ್ಕೆ ಆ ಬೆಸುಗೆಯೇ ಮುರಿಯಬೇಕು. 374 ಡಿಗ್ರಿ ಸೆಲ್ಸಿಯಸ್ ಶಾಖವನ್ನೂ ವಾಯುಮಂಡಲದ 218 ಪಟ್ಟು ಒತ್ತಡವನ್ನೂ ಮೀರಿದ ಸ್ಥಿತಿಯ ನೀರಿನಲ್ಲಿ ಆಮ್ಲಜನಕ ಬೆರೆಸಿದರೆ ಅದು ಮುರಿಯುತ್ತದೆ. ವಿಶಿಷ್ಟ ವಿದ್ಯುದ್ವಾರಗಳ ಮೂಲಕ ವಿದ್ಯುತ್ ಹಾಯಿಸಿಯೂ ಮುರಿಯಬಹುದು. ಎರಡೂ ವೆಚ್ಚದ ಕಾರ್ಯಗಳು. ಆದಕಾರಣ ಮೊದಲು ವಿಷವನ್ನು ಸ್ವಲ್ಪ ನೀರಿಗೆ ಒಟ್ಟುಗೂಡಿಸಿ, ಅನಂತರ ಅಷ್ಟನ್ನೇ ನಾಶಗೊಳಿಸುವುದು ವಿವೇಕದ ಕ್ರಮ.

ಮನೆಯಲ್ಲಿ ನಾವು ಮಾಡಬಹುದಾದುದೇನು? ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಈ ರಾಸಾಯನಿಕ ಹೋಗುವುದಿಲ್ಲ. ಆರ್‌ಒ ಯಂತ್ರ ಇದನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಕಸ ಹೂಳುವ ಸ್ಥಳದ ಸಮೀಪದ ಬಾವಿ, ಕೊಳವೆಬಾವಿಗಳ ನೀರನ್ನು ಪರೀಕ್ಷಿಸದೆ ಕುಡಿಯಬಾರದು, ದನಕರುಗಳಿಗೂ ಕುಡಿಸಬಾರದು. ರೊಟ್ಟಿಗೆ, ದೋಸೆಗೆ ಕಬ್ಬಿಣದ ಹಂಚು ಸಾಕು. ಮದುವೆ, ಜಾತ್ರೆ, ದಾಸೋಹಗಳ ಪಂಕ್ತಿಯಲ್ಲಿ ಬಾಳೆಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆಗಳಿರಲಿ. ಕಸದ ರಾಶಿಗೆ ಸೇರಿದ ಮೇಲೆ ಈ ವಿಷವನ್ನು ಹೊರತೆಗೆಯಲು ಅಪಾರ ಶ್ರಮವೂ ಹಣವೂ ಬೇಕು. ರಾಶಿಗೆ ಸೇರದಂತೆ ತಡೆಯುವುದು ನಮ್ಮ ಅಡುಗೆಮನೆಯಲ್ಲಿಯೇ ಆರಂಭವಾಗಬಹುದು.