ಬರೆದ ಸ್ವರ, ಬರೆಯದ ಸ್ವರ

ಪಾಶ್ಚಾತ್ಯರು 'ಚೇಂಬರ್ ಮ್ಯೂಸಿಕ್' ಎಂದು ಕರೆಯುವುದು, ಹೆಸರೇ ಸೂಚಿಸುವಂತೆ, ಕೋಣೆಯ ಸಂಗೀತ. ಮೂರು ನಾಲ್ಕು ವಾದ್ಯಗಳು, ಒಂದೊಂದು ಪಾತ್ರಕ್ಕೂ ಒಬ್ಬೊಬ್ಬನೇ ವಾದಕ. ಎದುರು ನಿಂತು ಕೋಲಾಡಿಸುವ ನಿರ್ದೇಶಕನಿಲ್ಲ. ಒಬ್ಬನ ಉಸಿರನ್ನು ಮತ್ತೊಬ್ಬನು ಆಲಿಸಿಯೇ ನುಡಿಸಬೇಕು. ಹೈಡನ್, ಮೊಟ್ಸಾರ್ಟ್, ಬೇಥೋವನ್ ಮೊದಲಾದವರು ತಮ್ಮ ಅತ್ಯಂತ ಆಪ್ತವಾದ ಮಾತುಗಳನ್ನು ಈ ಪ್ರಕಾರದಲ್ಲಿಯೇ ಆಡಿದ್ದಾರೆ. ಆದರೆ ಅಲ್ಲಿ ನುಡಿಯುವುದೆಲ್ಲವೂ ಬರೆದಿಟ್ಟದ್ದು. ಜಾಸ್ ಇದಕ್ಕೆ ತೀರ ಬೇರೆಯಾದ ನೆಲದಲ್ಲಿ, ಅಮೆರಿಕದ ಕಪ್ಪು ಜನರ ದುಡಿಮೆ, ದುಃಖ, ಪ್ರಾರ್ಥನೆ, ಕುಣಿತಗಳಲ್ಲಿ ಹುಟ್ಟಿದ್ದು. ಅಲ್ಲಿ ಬರಹವು ನೆಪಮಾತ್ರ. ಸ್ವರಮೇಳಗಳ ಒಂದು ಆವರ್ತವನ್ನು ಹಿಡಿದು, ವಾದಕನು ಆ ಕ್ಷಣದಲ್ಲಿ ತನಗೆ ಹೊಳೆದುದನ್ನು ಕಟ್ಟುತ್ತಾ ಹೋಗುತ್ತಾನೆ. ನಮ್ಮ ಮನೋಧರ್ಮ ಸಂಗೀತವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇವೆರಡನ್ನೂ ಒಂದೇ ವೇದಿಕೆಗೆ ತರುವ ಪ್ರಯತ್ನ ಹಳೆಯದು. ರವೆಲ್ 1927ರಲ್ಲಿ ಮುಗಿಸಿದ ಪಿಟೀಲು ಸೊನಾಟದ ನಡುವಣ ಭಾಗಕ್ಕೆ 'ಬ್ಲೂಸ್' ಎಂದೇ ಹೆಸರಿಟ್ಟ. ಹಂಗೇರಿಯ ಬಾರ್ಟೋಕ್ 1938ರಲ್ಲಿ 'ಕಾಂಟ್ರಾಸ್ಟ್ಸ್' ಎಂಬ ತ್ರಿವಾದ್ಯ ಕೃತಿಯನ್ನು ಬರೆದುದು ಜಾಸ್ ಲೋಕದ ಪ್ರಸಿದ್ಧ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್‌ಗಾಗಿ. ಕೃತಿಗಳೇನೋ ಸೊಗಸಾದವು. ಆದರೆ ಗುಡ್‌ಮನ್ ಅದರಲ್ಲಿ ಬರೆದಷ್ಟನ್ನೇ ನುಡಿಸಬೇಕಾಗಿತ್ತು. ಜಾಸ್ ವಾದಕ ಬಂದ, ಜಾಸ್ ಮನೆಯಲ್ಲಿಯೇ ಉಳಿಯಿತು!

ತೊಡಕು ಎಲ್ಲಿದೆ? ರಾಗದಲ್ಲಲ್ಲ, ವಾದ್ಯದಲ್ಲಲ್ಲ, ಮುಂದಿನ ಸ್ವರ ಯಾವುದೆಂದು ನಿರ್ಧರಿಸುವವರು ಯಾರು ಎಂಬುದರಲ್ಲಿದೆ. ಕಾಗದವೋ, ವಾದಕನೋ? ಇದರ ಜೊತೆಗೆ ಲಯದ ತೊಡಕೂ ಸೇರಿಕೊಳ್ಳುತ್ತದೆ. ಸಮಸಮವೆಂದು ಬರೆದ ಎರಡು ಸ್ವರಗಳಲ್ಲಿ ಜಾಸ್ ವಾದಕನು ಮೊದಲನೆಯದನ್ನು ತುಸು ಹಿಗ್ಗಿಸುತ್ತಾನೆ, ಎರಡನೆಯದನ್ನು ಕುಗ್ಗಿಸುತ್ತಾನೆ. ತಾಳದ ಪೆಟ್ಟಿಗೆ ಕೂದಲೆಳೆಯಷ್ಟು ಹಿಂದೆ ಸರಿದು ನಿಲ್ಲುತ್ತಾನೆ. 'ಸ್ವಿಂಗ್' ಎಂಬ ಆ ತೂಗಾಟವು, ನಮ್ಮ ಗಮಕದಂತೆ, ಲಿಪಿಯ ಬಲೆಗೆ ಬೀಳದು. ಕೇಳಿ ಕೇಳಿಯೇ ಕಲಿಯಬೇಕು.

1957ರಲ್ಲಿ ಗುಂಟರ್ ಶುಲರ್ ಎಂಬ ಅಮೆರಿಕನ್ ಸಂಗೀತಗಾರನು ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಉಪನ್ಯಾಸದಲ್ಲಿ 'ಮೂರನೆಯ ಹೊಳೆ' ಎಂಬ ಹೆಸರನ್ನು ಬಳಕೆಗೆ ತಂದ. ಜಾಸ್ ಒಂದು ಹೊಳೆ, ಶಾಸ್ತ್ರೀಯ ಸಂಗೀತ ಇನ್ನೊಂದು. ಎರಡೂ ತಮ್ಮ ಪಾಡಿಗೆ ಹರಿಯಲಿ, ಅವುಗಳ ನಡುವೆ ಮೂರನೆಯದೊಂದು ಹರಿಯಲಿ ಎಂಬುದು ಅವನ ಆಶಯ. ಅವನು ಎರಡು ಮನೆಗಳಿಗೂ ಸಲ್ಲುವವನಾಗಿದ್ದ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಫ್ರೆಂಚ್ ಹಾರ್ನ್ ಊದುತ್ತಿದ್ದವನು, ಮೈಲ್ಸ್ ಡೇವಿಸ್‌ನ ಜಾಸ್ ತಂಡದೊಡನೆಯೂ ಊದಿದ್ದ. ಜಾಸಿಗೆ ಪಿಟೀಲುಗಳ ಅಲಂಕಾರ ತೊಡಿಸಿದರೆ ಅದು ಮೂರನೆಯ ಹೊಳೆಯಾಗದು, ಆಶುವಿಸ್ತಾರವಿಲ್ಲದೆ ಜಾಸೇ ಇಲ್ಲ ಎಂದು ಆತ ಖಂಡಿತವಾಗಿ ಹೇಳಿದ.

ಈ ಆಶಯಕ್ಕೆ ಮೈಕೊಟ್ಟವರಲ್ಲಿ ನನಗೆ ಮುಖ್ಯವಾಗಿ ಕಾಣುವುದು 'ಮಾಡರ್ನ್ ಜಾಸ್ ಕ್ವಾರ್ಟೆಟ್'. 1952ರಲ್ಲಿ ರೂಪುಗೊಂಡ ತಂಡ. ಪಿಯಾನೋಗೆ ಜಾನ್ ಲೂಯಿಸ್, ವೈಬ್ರಾಫೋನಿಗೆ ಮಿಲ್ಟ್ ಜಾಕ್ಸನ್, ಬೇಸ್ ವಾದ್ಯಕ್ಕೆ ಪರ್ಸಿ ಹೀತ್. ಡ್ರಮ್ಸಿಗೆ ಮೊದಲು ಕೆನ್ನಿ ಕ್ಲಾರ್ಕ್, 1955ರಿಂದ ಕಾನಿ ಕೇ. ವೈಬ್ರಾಫೋನು ಲೋಹಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ. ಪಟ್ಟಿಗಳ ಕೆಳಗಿನ ಕೊಳವೆಗಳಲ್ಲಿ ವಿದ್ಯುತ್ತಿನಿಂದ ತಿರುಗುವ ಬಿಲ್ಲೆಗಳು ನಾದಕ್ಕೆ ಅಲೆಯನ್ನು ಕೊಡುತ್ತವೆ. ಜಾಕ್ಸನ್ ಆ ತಿರುಗಾಟವನ್ನು ನಿಧಾನಗೊಳಿಸಿದ. ಲೋಹವು ಮನುಷ್ಯಕಂಠದಂತೆ ಕಂಪಿಸತೊಡಗಿತು.

ನಾಲ್ವರೂ ಕಪ್ಪು ಜನ. ಹೊಗೆ ತುಂಬಿದ ಪಾನಗೃಹಗಳ ಗದ್ದಲದಲ್ಲಿ ಜಾಸ್ ನುಡಿಯುತ್ತಿದ್ದ ಕಾಲದಲ್ಲಿ ಇವರು ಕಚೇರಿಗೆ ತಕ್ಕ ಕರಿಯ ಉಡುಪು ತೊಟ್ಟು, ಗಂಭೀರವಾಗಿ ವೇದಿಕೆಗೆ ಬಂದರು. ಅದನ್ನು ಬಿಳಿಯರ ಅನುಕರಣೆಯೆಂದು ಹಳಿದವರೂ ಉಂಟು. ನನಗೆ ಹಾಗೆ ತೋರದು. ಕುಡಿಯುವವನ ಹಿನ್ನೆಲೆಗೆ ನಾವು ನುಡಿಸುವುದಿಲ್ಲ, ಕುಳಿತು ಕೇಳಿರಿ ಎಂಬ ಹಕ್ಕಿನ ಮಾತು ಅದು. ಜನಾಂಗಭೇದವು ಕಾನೂನಾಗಿದ್ದ ದೇಶದಲ್ಲಿ ಅದನ್ನು ಸಾಧಿಸುವುದು ಸಣ್ಣ ಸಂಗತಿಯಲ್ಲ.

ಲೂಯಿಸ್ ಹಿಡಿದ ದಾರಿ ಬಾಖ್‌ನದು. ಫ್ಯೂಗ್ ಎಂಬ ರಚನೆಯಲ್ಲಿ ಒಂದು ಎಳೆ ಹೇಳಿದ ವಾಕ್ಯವನ್ನು ಇನ್ನೊಂದು ಹಿಂಬಾಲಿಸಿ ಹೇಳುತ್ತದೆ. ಮೊದಲಿನದು ಅಷ್ಟರಲ್ಲಿ ಬೇರೆ ಮಾತಿಗೆ ತೊಡಗಿರುತ್ತದೆ. 'ವೆಂಡೋಮ್', 'ಕಾಂಕೋರ್ಡ್' ಮೊದಲಾದವುಗಳಲ್ಲಿ ಲೂಯಿಸ್ ಆ ಮೂಲವಾಕ್ಯದ ಪ್ರವೇಶಗಳನ್ನು ಬರೆದಿಟ್ಟು, ಅವುಗಳ ನಡುವಣ ಜಾಗವನ್ನು ವಾದಕರ ಮನೋಧರ್ಮಕ್ಕೆ ಬಿಟ್ಟ. ಬರೆದುದೂ ಬರೆಯದುದೂ ಬೆಸೆದ ಗೆರೆಯನ್ನು ಕಿವಿ ಸುಲಭವಾಗಿ ಗುರುತಿಸದು. 1953ರಲ್ಲಿ ತೀರಿಕೊಂಡ ಜಿಪ್ಸಿ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್‌ನ ನೆನಪಿಗೆ ಮರುವರ್ಷ ಬಂದ 'ಜಾಂಗೋ' ಇದಕ್ಕಿಂತಲೂ ಸರಳ, ಇದಕ್ಕಿಂತಲೂ ಆಳ. ಶವಯಾತ್ರೆಯಂಥ ಮಂದಗತಿಯ ಮಾತು. ನಡುವೆ ಲಯ ಚಿಗುರಿ ಬಿಚ್ಚಿಕೊಳ್ಳುವ ವಿಸ್ತಾರ. ಮತ್ತೆ ಅದೇ ದುಃಖ.

ಶುಲರ್ ಇನ್ನೂ ಮುಂದೆ ಹೋಗಿ, 'ಕಾನ್ವರ್ಸೇಷನ್' ಎಂಬ ಕೃತಿಯಲ್ಲಿ ಈ ನಾಲ್ವರ ಎದುರು ತಂತಿವಾದ್ಯಗಳ ಚತುಷ್ಟಯವನ್ನೇ ಕೂರಿಸಿದ. 1960ರ ಧ್ವನಿಮುದ್ರಿಕೆಯಲ್ಲಿ ಅದನ್ನು ಕೇಳಬಹುದು. ಅದು ಸಂಗಮಕ್ಕಿಂತ ಹೆಚ್ಚಾಗಿ ಸಂವಾದ, ಕೆಲವೊಮ್ಮೆ ವಾದವೂ ಹೌದು. ಅಷ್ಟೇ ಪ್ರಾಮಾಣಿಕವೆಂದು ನನ್ನ ಭಾವನೆ. 1970ರ ದಶಕದ ಆರಂಭದಲ್ಲಿ ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಮೂರನೆಯ ಹೊಳೆಗೆಂದೇ ಒಂದು ವಿಭಾಗ ತೆರೆದು, ಅನ್ಯದೇಶಗಳ ಸಂಗೀತಕ್ಕೂ ಬಾಗಿಲು ತೆಗೆಯಿತು. ಅದಕ್ಕೆ ನೇರ ಸಂಬಂಧವಿಲ್ಲದಿದ್ದರೂ ಇಲ್ಲಿ ನೆನೆಯಬೇಕಾದುದೊಂದಿದೆ: ಬಾಸ್ಟನ್ನಿನವನೇ ಆದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಆರ್. ಎ. ರಮಾಮಣಿ, ಟಿ. ಎ. ಎಸ್. ಮಣಿ ಮೊದಲಾದವರೊಡನೆ ನುಡಿಸಿದ 'ಜ್ಯೋತಿ' 1983ರಲ್ಲಿ ಹೊರಬಂದಿತು.

ಕ್ವಾರ್ಟೆಟ್ಟಿನೊಳಗೂ ಎಲ್ಲವೂ ಸಾಮರಸ್ಯವಾಗಿರಲಿಲ್ಲ. ಬ್ಲೂಸ್ ರಕ್ತಗತವಾಗಿದ್ದ ಜಾಕ್ಸನ್ನಿಗೆ ಲೂಯಿಸನ ಕಟ್ಟುಪಾಡು ಬಿಗಿಯೆನಿಸಿತು. ದುಡಿಮೆಗೆ ತಕ್ಕ ಪ್ರತಿಫಲವಿಲ್ಲವೆಂಬ ಅಸಮಾಧಾನವೂ ಇತ್ತು. ಅವನು ಹೊರನಡೆದುದರಿಂದ 1974ರಲ್ಲಿ ತಂಡ ಚದುರಿತು. ಆ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಬೀಳ್ಕೊಡುಗೆಯ ಕಚೇರಿ ಮುದ್ರಿತವಾಗಿದೆ. ಲೂಯಿಸನ 'ಜಾಂಗೋ' ಅದರಲ್ಲಿದೆ. ಜಾಕ್ಸನ್ನಿನ 'ಬ್ಯಾಗ್ಸ್ ಗ್ರೂವ್' ಎಂಬ ಅಪ್ಪಟ ಬ್ಲೂಸ್ ಕೂಡ ಇದೆ. ಇಬ್ಬರಲ್ಲಿ ಒಬ್ಬನಿಲ್ಲದೆ ಇನ್ನೊಬ್ಬನ ಮಾತು ಅರ್ಧವಾಗುತ್ತಿತ್ತೆಂದು ಕೇಳಿದವರಿಗೆ ತಿಳಿಯುತ್ತದೆ. ಏಳು ವರ್ಷಗಳ ಬಳಿಕ, 1981ರಲ್ಲಿ, ನಾಲ್ವರೂ ಮತ್ತೆ ಅದೇ ಕರಿಯ ಉಡುಪಿನಲ್ಲಿ ವೇದಿಕೆಗೆ ಬಂದರು.